ಮೂರೇ ತೋಟಾ: ಪೆನ್ಸಿಲ್ವೇನಿಯಾದ ಟರ್ಕಿ ಶಿಕಾರಿಗೆ ಹೊರಟವನ ಅನುಭವ

ಮೇ ತಿಂಗಳ ಕೊನೆಗೆ ನನ್ನ ಮೊದಲ ಸ್ಪ್ರಿಂಗ್ ಟರ್ಕಿ ಸೀಸನ್, ಅಂದರೆ ಟರ್ಕಿ ಎಂಬ ದೊಡ್ಡ ಕಾಡುಹಕ್ಕಿಯ ವಸಂತಕಾಲದ ಬೇಟೆ, ಮುಗಿಯಿತು. ಅದಾದ ಮೇಲೆ ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ನಮ್ಮ ಕನ್ನಡದವರು ಒಬ್ಬರಾದ ಮೇಲೆ ಒಬ್ಬರು ಕೇಳುತ್ತಿದ್ದಾರೆ. ಎಚ್-1ಬಿ ಕೆಲಸದ ವೀಸಾ ಮೇಲಿರುವವರು ಕೋವಿ ಇಟ್ಟುಕೊಳ್ಳಬಹುದಾ? ಲೈಸೆನ್ಸ್ ಹೇಗೆ? ಅಂಗಡಿಯವರು ಕೊಡುತ್ತಾರಾ? ಮೂರೇ ತೋಟಾ ಅಂತಾರಲ್ಲ, ಅದೇನು ಕತೆ? ಫೋನಿನಲ್ಲಿ ಎಲ್ಲರಿಗೂ ಅದನ್ನೇ ಹೇಳಿ ಸಾಕಾಗಿದೆ. ಹಾಗಾಗಿ ಒಂದೇ ಸಲ ಕೂತು ಬರೆಯುತ್ತಿದ್ದೇನೆ. ನಾನು ವಕೀಲ ಅಲ್ಲ. ನನಗೆ ಆದದ್ದನ್ನು ಹೇಳುತ್ತೇನೆ. ನಿಮ್ಮ ವೀಸಾ ಕೊಂಚ ಸಿಕ್ಕುಸಿಕ್ಕಾಗಿದ್ದರೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ನಾನು ತೀರ್ಥಹಳ್ಳಿ ಕಡೆಯವನು. ಮನೆಯಲ್ಲಿ ಅಪ್ಪಯ್ಯನ ಹೆಸರಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರುವ ಒಂದು ಒಂಟಿನಳಿಗೆ ಕೋವಿ ಇದೆ. ಚುನಾವಣೆ ಬಂತು ಅಂದ್ರೆ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ಬರಬೇಕು, ಮುಗಿದ ಮೇಲೆ ಹೋಗಿ ತರಬೇಕು. ಶಿಕಾರಿಯ ಕತೆಗಳನ್ನು ಅಜ್ಜಂದಿರ ಬಾಯಲ್ಲಿ ಕೇಳಿದ್ದೇ ಹೊರತು ನೋಡಿದ್ದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಊರಲ್ಲಿ ಅದೆಲ್ಲ ಬಂದ್. ಹಾಗಾಗಿ ಆಫೀಸಿನ ನಮ್ಮ ಟೀಮಿನ ಹಿರಿಯರೊಬ್ಬರು "ಮುಂದಿನ ಮೇ ತಿಂಗಳಲ್ಲಿ ಟರ್ಕಿಗೆ ಬರ್ತೀಯಾ?" ಎಂದಾಗ ಮೊದಲು ಬಂದ ಯೋಚನೆ, ಇದು ಕಾನೂನಿಗೆ ಸರಿಯಾ ಅನ್ನೋದೇ.

ಸರಿ. ಆದರೆ ಕೆಲಸಗಳ ಸಾಲು ತಪ್ಪಬಾರದು. ಇಡೀ ವ್ಯವಹಾರದಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು.

ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಎಚ್-1ಬಿ, ಎಫ್-1, ಎಚ್-4 ಹೀಗೆ ತಾತ್ಕಾಲಿಕ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಕೊಳ್ಳುವುದು ಒತ್ತಟ್ಟಿಗಿರಲಿ, ಗೆಳೆಯನದ್ದನ್ನು ರೇಂಜಿನಲ್ಲಿ ಹಿಡಿದು ಹಾರಿಸಿದರೂ ತೊಂದರೆಯೇ. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿರುವುದು. ಅಂದರೆ ಲೈಸೆನ್ಸ್ ಮೊದಲು, ಕೋವಿ ಆಮೇಲೆ. ಲೈಸೆನ್ಸಿಗೂ ಮುಂಚೆ ಬೇಟೆಗಾರರ ಪಾಠ. ಈ ಮೂರನ್ನು ಹಿಂದುಮುಂದು ಮಾಡಲೇಬೇಡಿ. ಗ್ರೀನ್ ಕಾರ್ಡ್ ಇರುವವರಿಗೆ ಈ ಲೈಸೆನ್ಸಿನ ಷರತ್ತು ಇಲ್ಲ, ಅವರು ಕೊಳ್ಳುವುದಕ್ಕೆ ಸಾಮಾನ್ಯ ದಾರಿಯೇ ಸಾಕು.

ಪಾಠದ ವಿಷಯ ಜಾಸ್ತಿ ಹೇಳುವಂಥದ್ದಿಲ್ಲ. ಬೇಟೆ, ವನ್ಯಜೀವಿ ನೋಡಿಕೊಳ್ಳುವ ರಾಜ್ಯದ ಇಲಾಖೆ ಪೆನ್ಸಿಲ್ವೇನಿಯಾ ಗೇಮ್ ಕಮಿಷನ್. ಅವರ ಹಂಟರ್-ಟ್ರ್ಯಾಪರ್ ಎಜುಕೇಷನ್ ಅಂತ ಇದೆ. ಮೊದಲ ಸಲ ಲೈಸೆನ್ಸ್ ತಗೊಳ್ಳುವವರು ಅದನ್ನು ಪಾಸು ಮಾಡಿರಬೇಕು. ನಾನು ಆನ್‌ಲೈನಿನಲ್ಲಿ ಮಾಡಿದೆ. ರಾತ್ರಿ ಮಗು ಮಲಗಿದ ಮೇಲೆ ಕೂತು ಕೂತು ಮುಗಿಸಿದೆ. ಕಷ್ಟವೇನಿಲ್ಲ, ಆದರೆ ಪುಟಗಳನ್ನು ಸುಮ್ನೆ ದಾಟಿಸಿಬಿಡೋಣ ಅಂದರೆ ಆಗೋದಿಲ್ಲ, ಪ್ರತಿ ಪುಟಕ್ಕೂ ಟೈಮರ್ ಇರುತ್ತದೆ. ಸರ್ಟಿಫಿಕೇಟನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಬೇರೆ ರಾಜ್ಯಕ್ಕೆ ಮನೆ ಬದಲಾಯಿಸಿದರೂ ಅದು ಉಪಯೋಗಕ್ಕೆ ಬರುತ್ತದೆ.

ಲೈಸೆನ್ಸ್ ಇನ್ನೂ ಸುಲಭ. ಇಲ್ಲೇ ವಾಸ ಇರುವವರಿಗೆ ಸುಮಾರು 21 ಡಾಲರ್. ಹೊರರಾಜ್ಯದವರಾದರೆ ನೂರು ದಾಟುತ್ತದೆ. ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯೂರಿಟಿ ನಂಬರ್) ಮತ್ತು ಡ್ರೈವಿಂಗ್ ಲೈಸೆನ್ಸ್ ಕೇಳಿದರು. ಆ 21 ಡಾಲರಿನಲ್ಲೇ ಸ್ಪ್ರಿಂಗ್ ಸೀಸನ್ನಿಗೆ ಒಂದು ಟರ್ಕಿ ಟ್ಯಾಗ್ (ಹೊಡೆದ ಹಕ್ಕಿಗೆ ಕಟ್ಟುವ ಚೀಟಿ), ಫಾಲ್ ಅಂದರೆ ಶರತ್ಕಾಲದ ಸೀಸನ್ನಿಗೆ ಇನ್ನೊಂದು ಸೇರಿರುತ್ತದೆ. ಸ್ಪ್ರಿಂಗಿನಲ್ಲೇ ಎರಡನೇ ಹಕ್ಕಿ ಬೇಕು ಅಂದರೆ ಅದಕ್ಕೆ ಬೇರೆ ಲೈಸೆನ್ಸ್, ಹತ್ತಿರ ಹತ್ತಿರ ಅಷ್ಟೇ ದುಡ್ಡು. ಅದನ್ನು ಸೀಸನ್ ಶುರುವಾಗುವ ಮುಂಚೆಯೇ ತಗೊಂಡಿರಬೇಕು, ಮೊದಲ ಹಕ್ಕಿ ಸಿಕ್ಕಿದ ಖುಷಿಯಲ್ಲಿ ಆಮೇಲೆ ಓಡಿದರೆ ಸಿಗೋದಿಲ್ಲ.

ಇಲ್ಲಿಯವರೆಗೆ ಎಲ್ಲ ಸಲೀಸು. ತಲೆಬಿಸಿ ಶುರುವಾದದ್ದು ಕೋವಿ ಅಂಗಡಿಯಲ್ಲಿ.

ಮೊದಲು ಹೋದ ಅಂಗಡಿಯ ಹುಡುಗ ನನ್ನ ಡ್ರೈವಿಂಗ್ ಲೈಸೆನ್ಸ್ ನೋಡಿದ. "ಸಿಟಿಜನ್ನಾ?" ಅಲ್ಲ. "ಗ್ರೀನ್ ಕಾರ್ಡಾ?" ಅದೂ ಅಲ್ಲ. "ಹಾಗಾದರೆ ಆಗೋದಿಲ್ಲ" ಅಂದ. ಬೇಟೆ ಲೈಸೆನ್ಸ್ ತೋರಿಸಿ, ಈ ವಿನಾಯಿತಿ ನಿಮ್ಮ ಫಾರ್ಮಿನಲ್ಲೇ ಇದೆ ನೋಡಿ ಎಂದೆ. ಒಳಗೆ ಹೋಗಿ ಯಾರನ್ನೋ ಕೇಳಿ ಬಂದ. ವಾಪಸ್ ಬಂದು, ಮೂರು ತಿಂಗಳ ಕರೆಂಟ್ ಬಿಲ್ ತಂದುಕೊಡಿ ನೋಡೋಣ ಅಂದ. ಪರದೇಶದವರು ತೊಂಬತ್ತು ದಿನ ಇದೇ ರಾಜ್ಯದಲ್ಲಿ ಇದ್ದದ್ದಕ್ಕೆ ದಾಖಲೆ ಕೊಡಬೇಕು ಅನ್ನುವುದು ಹಳೆಯ ನಿಯಮ. ಅದು 2012ರಲ್ಲೇ ಹೋಗಿದೆ. ನಾನು ಹಾಗೆ ಹೇಳಿದ್ದಕ್ಕೆ ಅವನ ಮುಖ ಗಂಟಾಯಿತು. ವಾದ ಮಾಡಿ ಪ್ರಯೋಜನ ಇಲ್ಲ. ಅಂಗಡಿಯವರಿಗೆ ಮಾರಲೇಬೇಕು ಅಂತ ಕಟ್ಟಳೆಯೇನೂ ಇಲ್ಲ. ಕೋವಿ ಅಂಗಡಿಯಲ್ಲಿ ನಿಂತು ದನಿ ಎತ್ತುವುದು ನಮ್ಮಂಥವರಿಗೆ ಒಳ್ಳೇದೂ ಅಲ್ಲ. ಥ್ಯಾಂಕ್ಸ್ ಹೇಳಿ ಹೊರಗೆ ಬಂದೆ.

ಕಾರಿನಲ್ಲಿ ಕೂತಾಗ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಬೇಕಾ ಈ ಉಸಾಬರಿ ಅನ್ನಿಸಿತು. ಮನೆಯಲ್ಲಿ ಹೆಂಡತಿ ಮೊದಲೇ ಹೇಳಿದ್ದಳು, "ರೀ, ವೀಸಾ ಮೇಲೆ ಇರೋರು ನಾವು. ಇವೆಲ್ಲ ಇಲ್ಲದೇ ಇದ್ರೆ ಊಟ ಸೇರಲ್ವಾ?" ಅವಳ ಭಯ ನನಗೂ ಅರ್ಥ ಆಗುತ್ತದೆ. ನಮ್ಮ ಬದುಕಿನ ಅರ್ಧ ಕಾಗದಗಳ ಮೇಲೆ ನಿಂತಿದೆ. ಒಂದು ಕಡೆ "ಇಲ್ಲ" ಅಂತ ಬಿದ್ದರೆ ಅದು ಇನ್ನೆಲ್ಲಿ ಹೋಗಿ ಕೂರುತ್ತದೋ ಅನ್ನುವ ಅಂಜಿಕೆ ಸದಾ ಇದ್ದೇ ಇರುತ್ತದೆ.

ಕೋವಿಯ ಗೊಡವೆಯೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಪೆನ್ಸಿಲ್ವೇನಿಯಾದಲ್ಲಿ ಟರ್ಕಿಗೆ ಬಿಲ್ಲು, ಕ್ರಾಸ್‌ಬೋ ಎರಡಕ್ಕೂ ಅನುಮತಿ ಇದೆ. ಕೇಂದ್ರ ಕಾನೂನಿನ ಕಣ್ಣಲ್ಲಿ ಅವು ಬಂದೂಕುಗಳಲ್ಲ. ಹಾಗಾಗಿ ಅಂಗಡಿಯ ಈ ಪರೀಕ್ಷೆ ಯಾವುದೂ ಇಲ್ಲ. ಬೇಟೆ ಲೈಸೆನ್ಸ್ ಅದಕ್ಕೂ ಬೇಕು.

ಎರಡನೇ ಅಂಗಡಿಯನ್ನು ಹುಡುಕಿದ್ದು ಆ ಹಿರಿಯ ಸಹೋದ್ಯೋಗಿಯೇ. ಸಣ್ಣ ಊರಿನ ಅಂಗಡಿ. ಹೋಗುವ ಮುಂಚೆ ಫೋನ್ ಮಾಡಿ ಎಲ್ಲ ಹೇಳಿಕೊಂಡೆ. ಆ ಕಡೆಯಿಂದ ವಯಸ್ಸಾದ ಹೆಂಗಸಿನ ದನಿ, "ಬೇಟೆ ಲೈಸೆನ್ಸ್ ಇದೆಯಾ? ಐ-94 ತನ್ನಿ. ಬನ್ನಿ" ಎಂದಿತು. (ಐ-94 ಅಂದರೆ ನಾವು ಅಮೆರಿಕದೊಳಗೆ ಬಂದದ್ದರ ಸರ್ಕಾರಿ ದಾಖಲೆ.) ಅಷ್ಟೇ. ನೀವೂ ಹೀಗೇ ಮಾಡಿ. ಮೊದಲು ಫೋನ್, ಆಮೇಲೆ ಪಯಣ.

ತಗೊಂಡು ಹೋಗಬೇಕಾದ್ದು: ಈಗಿನ ಮನೆ ವಿಳಾಸ ಇರುವ ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಬೇಟೆ ಲೈಸೆನ್ಸಿನ ಪ್ರತಿ, ಐ-94. ಇದರಲ್ಲಿ ಐ-94 ವಿಷಯ ಸ್ವಲ್ಪ ಗಮನಿಸಿ. ಊರಿಗೆ ಹೋಗಿಬಂದರೆ ಹೊಸದು ಹುಟ್ಟಿರುತ್ತದೆ. ಇಲ್ಲೇ ಇದ್ದು ವೀಸಾ ವಿಸ್ತರಿಸಿದ್ದರೆ ವಿಸ್ತರಣೆ ಮಂಜೂರಾದಾಗ ಬರುವ ಐ-797ಎ ಕಾಗದದ ಕೆಳಗೆ ಇರುವುದೇ ಇತ್ತೀಚಿನದು. ಎರಡನ್ನೂ ಇಟ್ಟುಕೊಂಡು ಹೋಗಿ. ಮನೆ ಬದಲಾಯಿಸಿ ಲೈಸೆನ್ಸಿನಲ್ಲಿ ವಿಳಾಸ ಬದಲಾಯಿಸದೇ ಇದ್ದರೆ ಅಲ್ಲೇ ನಿಂತುಹೋಗುತ್ತದೆ.

ಫಾರ್ಮಿನ ಹೆಸರು 4473. ಬಂದೂಕುಗಳ ವ್ಯವಹಾರ ನೋಡಿಕೊಳ್ಳುವ ಕೇಂದ್ರದ ಎಟಿಎಫ್ ಇಲಾಖೆಯದ್ದು. ಯಾವ ದೇಶದ ಪ್ರಜೆ, ಐ-94 ನಂಬರ್ ಏನು, ತಾತ್ಕಾಲಿಕ ವೀಸಾದಲ್ಲಿ ಬಂದವರಾ, ಹೌದಾದರೆ ವಿನಾಯಿತಿ ಇದೆಯಾ, ಎಲ್ಲ ಕೇಳುತ್ತದೆ. ಇದ್ದದ್ದನ್ನು ಇದ್ದ ಹಾಗೆ ತುಂಬಿ. ತಾತ್ಕಾಲಿಕ ವೀಸಾ ಎಂಬುದಕ್ಕೆ "ಹೌದು", ವಿನಾಯಿತಿ ಇದೆಯಾ ಎಂಬುದಕ್ಕೂ "ಹೌದು". ಬೇಟೆ ಲೈಸೆನ್ಸಿನ ಪ್ರತಿಯನ್ನು ಅವರು ಫಾರ್ಮಿಗೆ ಸೇರಿಸಿ ಇಟ್ಟುಕೊಳ್ಳುತ್ತಾರೆ. ಸಿಟಿಜನ್ ಗೆಳೆಯನ ಹೆಸರಲ್ಲಿ ಕೊಂಡು ನಾನು ಇಟ್ಟುಕೊಳ್ತೀನಿ ಅನ್ನುವ ಉಪಾಯ ಯಾರಾದರೂ ಹೇಳಿದರೆ ಕಿವಿಗೇ ಹಾಕಿಕೊಳ್ಳಬೇಡಿ. ಅದು ಇಬ್ಬರನ್ನೂ ಜೈಲಿಗೆ ಕಳಿಸುವ ಅಪರಾಧ.

ಪೆನ್ಸಿಲ್ವೇನಿಯಾದಲ್ಲಿ ಹಿನ್ನೆಲೆ ತಪಾಸಣೆ ಮಾಡುವುದು ರಾಜ್ಯ ಪೊಲೀಸರ ಪಿಕ್ಸ್ ವ್ಯವಸ್ಥೆ. ಸಿಟಿಜನ್ನರಿಗೆ ಎಷ್ಟೋ ಸಲ ನಿಮಿಷಗಳಲ್ಲಿ ಮುಗಿಯುತ್ತದಂತೆ. ನನ್ನ ಪಕ್ಕದಲ್ಲಿ ನಿಂತಿದ್ದವರು ಒಂದು ಕಾಫಿ ಕುಡಿಯುವಷ್ಟರಲ್ಲಿ ಕೋವಿ ಹಿಡಿದು ಹೊರಟರು. ನನ್ನದು "ಡಿಲೇಡ್" ಅಂತ ಬಂತು. ಎದೆ ಧಸಕ್ ಅಂದಿತು. ಫೋನಿನಲ್ಲಿ ಮಾತಾಡಿದ್ದ ಅಂಗಡಿಯ ಆ ಅಜ್ಜಿ ಕನ್ನಡಕದ ಮೇಲಿಂದ ನೋಡಿ ನಕ್ಕರು. ಪರದೇಶದವರದ್ದಾದರೆ ವಲಸೆ ಇಲಾಖೆಯ ದಾಖಲೆಗಳನ್ನೂ ಬೇರೆಯಾಗಿ ಕೇಳಿ ನೋಡುತ್ತಾರೆ, ಅದಕ್ಕೆ ತಡ, "ಡಿನೈಡ್" ಅಲ್ಲವಲ್ಲ, ಮನೆಗೆ ಹೋಗಿ ನಿದ್ದೆ ಮಾಡಿ ಅಂದರು. ನಿದ್ದೆ ಎಲ್ಲಿ ಬರಬೇಕು? ಫೋನ್ ರಿಂಗಾದಾಗಲೆಲ್ಲ ಹೆಂಡತಿ ನನ್ನ ಮುಖ ನೋಡುವುದು, ನಾನು ಗೋಡೆ ನೋಡುವುದು. ಕೊನೆಗೆ ಅಂಗಡಿಯಿಂದ ಕರೆ ಬಂತು, ಅನುಮತಿ ಸಿಕ್ಕಿದೆ, ಬಂದು ತಗೊಂಡು ಹೋಗಿ ಅಂತ. ಮಧ್ಯಾಹ್ನದ ಮೀಟಿಂಗ್ ಒಂದನ್ನು ಬಿಟ್ಟು ಓಡಿದೆ.

ಕೊಂಡದ್ದು ರೆಮಿಂಗ್ಟನ್ 870, 12 ಗೇಜಿನ ಪಂಪ್ ಶಾಟ್‌ಗನ್. ಹಳೆಯದು, ಹಿಡಿಯ ಮೇಲೆ ಅಲ್ಲಲ್ಲಿ ಗೀರು. ಮುನ್ನೂರು ಡಾಲರಿನ ಒಳಗೆ ಬಂತು. ಹೊಸದೇ ಬೇಕು ಅಂತ ಹಟ ಬೇಡ. ಇವು ಬಲು ಗಟ್ಟಿ ಸಾಮಾನು, ನಮ್ಮ ಕಾಲಕ್ಕೆ ಸವೆಯೋದಿಲ್ಲ. ಜೊತೆಗೆ ಬೀಗ ಇರುವ ಒಂದು ಸಣ್ಣ ಉಕ್ಕಿನ ಕಪಾಟು ತಗೊಂಡೆ. ಮಗು ಇರುವ ಮನೆ. ಅದಕ್ಕೆ ಕೊಟ್ಟ ದುಡ್ಡಿನ ಬಗ್ಗೆ ಹೆಂಡತಿ ಒಂದು ಮಾತೂ ಆಡಲಿಲ್ಲ. ಬಾಡಿಗೆ ಮನೆಯವರು ಕರಾರು ಪತ್ರವನ್ನೂ ಒಮ್ಮೆ ಓದಿಕೊಳ್ಳಿ.

ಇನ್ನು ಮೂರು ತೋಟಾದ ವಿಷಯ. ಬಹಳ ಜನ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ಹತ್ತಾರು ವರ್ಷ ಶಿಕಾರಿ ಮಾಡಿದವರೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

1930ರ ದಶಕದಲ್ಲಿ ಅಮೆರಿಕದಲ್ಲಿ ಬಾತುಕೋಳಿಗಳು ವಿಪರೀತ ಕಡಿಮೆಯಾದವು. ಬರಗಾಲ ಒಂದು ಕಡೆ, ಮಿತಿಮೀರಿದ ಬೇಟೆ ಇನ್ನೊಂದು ಕಡೆ. 1935ರಲ್ಲಿ ಕೇಂದ್ರ ಸರ್ಕಾರ ವಲಸೆ ಹಕ್ಕಿಗಳ ಬೇಟೆಗೆ ಶಾಟ್‌ಗನ್ನಿನಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯಬಾರದು ಎಂದು ನಿಯಮ ತಂದಿತು. ಬಾತು, ಹೆಬ್ಬಾತು, ಪಾರಿವಾಳ ಜಾತಿಯ ಡವ್, ಇವಕ್ಕೆಲ್ಲ ದೇಶದ ತುಂಬ ಇದೇ ನಿಯಮ. ಆದರೆ ಟರ್ಕಿ ವಲಸೆ ಹಕ್ಕಿ ಅಲ್ಲ. ಹುಟ್ಟಿದ ಕಾಡಿನ ಆಸುಪಾಸಲ್ಲೇ ಬದುಕಿ ಸಾಯುವ ಹಕ್ಕಿ. ಹಾಗಾಗಿ ಕೇಂದ್ರದ ನಿಯಮ ಅದಕ್ಕೆ ತಾಗುವುದಿಲ್ಲ. ಟರ್ಕಿಗೆ ಎಷ್ಟು ತೋಟಾ ಅನ್ನುವುದನ್ನು ಆಯಾ ರಾಜ್ಯವೇ ತೀರ್ಮಾನ ಮಾಡುತ್ತದೆ.

ಪೆನ್ಸಿಲ್ವೇನಿಯಾ ಮೂರು ಅನ್ನುತ್ತದೆ. ಮ್ಯಾಗಜಿನ್ (ನಳಿಗೆಯ ಕೆಳಗೆ ತೋಟಾ ತುಂಬಿಡುವ ಕೊಳವೆ) ಮತ್ತು ಚೇಂಬರ್ ಎರಡೂ ಸೇರಿ ಮೂರು. ಅಂದರೆ ಕೊಳವೆಯಲ್ಲಿ ಎರಡು, ನಳಿಗೆಯ ಬುಡದಲ್ಲಿ ಒಂದು. ಉತ್ತರಕ್ಕೆ ಗಡಿ ದಾಟಿ ನ್ಯೂಯಾರ್ಕಿಗೆ ಹೋದರೆ, ಅಲ್ಲಿ ತಾನೇ ತುಂಬಿಕೊಳ್ಳುವ ಆಟೋಲೋಡರ್ ಕೋವಿಗೆ ಆರು ಅಂತ ಮಿತಿ. ಹೀಗಾಗಿ "ನಮ್ಮ ಮಾವ ಅಲ್ಲಿ ಹಾಗೆ ಮಾಡ್ತಾರೆ" ಅನ್ನುವ ಮಾತು ಕಿವಿಗೆ ಬಿದ್ದರೆ, ಆ ಮಾವ ಯಾವ ರಾಜ್ಯದವರು ಅಂತ ಮೊದಲು ಕೇಳಿ. ಆ ವರ್ಷದ ಬೇಟೆ ನಿಯಮಗಳ ಡೈಜೆಸ್ಟ್ ಪುಸ್ತಕದಲ್ಲಿ ಟರ್ಕಿ ಅಂತ ಇರುವ ಪುಟ ಓದಿದರೆ ಸಾಕು. ಜಿಂಕೆಯ ಪುಟ ಓದಿ ಟರ್ಕಿಗೆ ಹೋಗಬೇಡಿ, ಆಯುಧದ ನಿಯಮ ಪ್ರಾಣಿಗೊಂದು.

ಎರಡನೇ ಗೊಂದಲ ಇದಕ್ಕಿಂತ ದೊಡ್ಡದು. ನನ್ನ 870ರಲ್ಲಿ ಮಾಮೂಲಿ ತೋಟಾ ಕೊಳವೆಗೆ ನಾಲ್ಕು, ಚೇಂಬರಿಗೆ ಒಂದು, ಒಟ್ಟು ಐದು ಹಿಡಿಯುತ್ತದೆ. ಫ್ಯಾಕ್ಟರಿಯಿಂದ ಬರುವಾಗ ಕೊಳವೆಯ ಒಳಗೆ ಜಾಗ ಕಡಿಮೆ ಮಾಡಿ ಮೂರಕ್ಕೇ ತಡೆಯುವ ಒಂದು ಪ್ಲಗ್ ಇರುತ್ತದೆ. ನನ್ನ ಕೋವಿಯ ಹಿಂದಿನ ಯಜಮಾನ ಅದನ್ನು ತೆಗೆದು ಎಲ್ಲಿಗೆ ಎಸೆದಿದ್ದನೋ, ಇರಲಿಲ್ಲ. ಅಂಗಡಿಯಲ್ಲಿ ನಿಂತಿದ್ದ ಒಬ್ಬ ಗಿರಾಕಿ, "ಪ್ಲಗ್ ಯಾಕೆ? ಮೂರೇ ತುಂಬಿಕೊಳ್ಳಿ, ಆಯ್ತಲ್ಲ" ಅಂದ. ಕೇಳುವುದಕ್ಕೆ ಸರಿ ಅನ್ನಿಸುತ್ತದೆ ಅಲ್ವಾ? ಅಲ್ಲ. ನೀವು ಎಷ್ಟು ತುಂಬಿದ್ದೀರಿ ಅನ್ನುವುದು ಲೆಕ್ಕವಲ್ಲ. ಕೋವಿಗೆ ಎಷ್ಟು ಹಿಡಿಯುತ್ತದೆ ಅನ್ನುವುದು ಲೆಕ್ಕ. ಕೋವಿಯೊಳಗೆ ಒಂದೇ ತೋಟಾ ಇದ್ದರೂ, ಐದು ಹಿಡಿಯುವ ಹಾಗಿದ್ದರೆ ಟರ್ಕಿ ಕಾಡಿನಲ್ಲಿ ಅದು ತಪ್ಪೇ.

ಊರಿಗೆ ಫೋನ್ ಮಾಡಿ ಇದನ್ನು ಹೇಳಿದಾಗ ಅಪ್ಪಯ್ಯ ನಕ್ಕಿದ್ದೇ ನಕ್ಕಿದ್ದು. "ನಮ್ಮ ಕೋವಿಗೆ ಒಂದು ಹಾಕೋದೇ ಹೌದು ಮಾರಾಯ. ಎರಡನೇದು ಹಾಕೋ ಹೊತ್ತಿಗೆ ಹಂದಿ ಗುಡ್ಡ ದಾಟಿರ್ತದೆ. ಮೂರು ಕಮ್ಮಿ ಆಯ್ತು ಅಂತ ಅಳ್ತಾರಾ ಅಲ್ಲಿ?"

ಪ್ಲಗ್ ಹತ್ತು ಡಾಲರಿನ ಒಳಗೆ ಸಿಗುತ್ತದೆ. ಪ್ಲಾಸ್ಟಿಕ್ ಕಡ್ಡಿ, ಅಷ್ಟೇ. ದಪ್ಪ ಸರಿಹೊಂದುವ ಮರದ ದುಂಡು ಕೋಲನ್ನು ಕತ್ತರಿಸಿ ಹಾಕಿಕೊಳ್ಳುವವರೂ ಇದ್ದಾರೆ. ಬಾತುಗಳ ಕೇಂದ್ರ ನಿಯಮದಲ್ಲಿ ಪ್ಲಗ್ ಒಂದೇ ತುಂಡಿನದಾಗಿರಬೇಕು, ಕೋವಿ ಬಿಚ್ಚದೆ ಹೊರಗೆ ಬರಬಾರದು ಅಂತ ಸ್ಪಷ್ಟವಾಗಿ ಇದೆ. ಟರ್ಕಿಗೂ ಅದನ್ನೇ ಪಾಲಿಸಿದರೆ ಮುಂದೆ ಬಾತುಗಳಿಗೆ ಹೋದಾಗ ಮತ್ತೆ ಕೈ ಹಾಕುವ ಕೆಲಸ ಇರುವುದಿಲ್ಲ.

ಹಾಕುವಾಗ ನಾನು ಮಾಡಿದ್ದು ಹೀಗೆ. ಮೊದಲು ಕೋವಿ ಖಾಲಿ ಇದೆಯಾ ಅಂತ ಕಣ್ಣಲ್ಲೂ ನೋಡಿದೆ, ಬೆರಳಲ್ಲೂ ಮುಟ್ಟಿ ನೋಡಿದೆ. ತೋಟಾ ಎಲ್ಲ ಬೇರೆ ಕೋಣೆಯಲ್ಲಿ. ಕೊಳವೆಯ ತುದಿಯ ಮುಚ್ಚಳ ತಿರುಗಿಸಿದರೆ ನಳಿಗೆ ಸಡಿಲವಾಗಿ ಕೈಗೆ ಬರುತ್ತದೆ. ಒಳಗೆ ಸ್ಪ್ರಿಂಗನ್ನು ಹಿಡಿದಿಟ್ಟಿರುವ ಒಂದು ಬಿಲ್ಲೆ ಇದೆ. ಅದನ್ನು ಮೆಲ್ಲಗೆ ಎಬ್ಬಬೇಕು. ಇಲ್ಲಿ ಹುಷಾರು. ಆ ಸ್ಪ್ರಿಂಗ್ ಒಳಗೆ ಮುದುಡಿಕೊಂಡು ಕಾಯುತ್ತಿರುತ್ತದೆ. ಬಿಲ್ಲೆ ಎದ್ದ ಕೂಡಲೇ ಚಂಗನೆ ಹಾರುತ್ತದೆ. ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದರೂ ಒಂದು ಮೊಳ ಹೊರಗೆ ಬಂತು. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಿ. ಪ್ಲಗ್ಗನ್ನು ಸ್ಪ್ರಿಂಗಿನ ಹೊಟ್ಟೆಯೊಳಗೆ ಇಳಿಸಿ, ಮತ್ತೆ ಒತ್ತಿ, ಬಿಲ್ಲೆ ಕೂರಿಸಿ, ನಳಿಗೆ, ಮುಚ್ಚಳ.

ಆಮೇಲೆ ಪರೀಕ್ಷೆ. ಇದಕ್ಕೆ ಮದ್ದಿಲ್ಲದ ನಕಲಿ ತೋಟಾ ಸಿಗುತ್ತದೆ, ಸ್ನ್ಯಾಪ್ ಕ್ಯಾಪ್ ಅಂತಾರೆ. ಮನೆಯೊಳಗೆ ನಿಜವಾದ ತೋಟಾ ತುರುಕಿ ನೋಡಬೇಡಿ. ಒಂದು ಹೋಯಿತು, ಎರಡು ಹೋಯಿತು, ಮೂರನೆಯದು ಅರ್ಧಕ್ಕೆ ನಿಂತಿತು. ಹೆಬ್ಬೆರಳಿಂದ ಎಷ್ಟು ಒತ್ತಿದರೂ ಕಚ್ಚಿಕೊಳ್ಳುವ ಕೊಕ್ಕೆಯವರೆಗೆ ಹೋಗಲಿಲ್ಲ. ಅದೇ ಬೇಕಾಗಿದ್ದು.

ಇಲ್ಲಿ ಒಂದು ಸಣ್ಣ ಸೂಕ್ಷ್ಮ ಇದೆ. ಶಾಟ್‌ಗನ್ ತೋಟಾಗಳು ಮೂರು ಇಂಚು, ಎರಡೂ ಮುಕ್ಕಾಲು ಇಂಚು ಅಂತ ಬರುತ್ತವೆ. ಈಗ ಒಂದೂ ಮುಕ್ಕಾಲು ಇಂಚಿನ ಮಿನಿ ತೋಟಾ ಕೂಡ ಇದೆ. ಎರಡು ಉದ್ದದ ತೋಟಾ ಕೂರುವ ಜಾಗದಲ್ಲಿ ಮೂರು ಮಿನಿಗಳು ಕೂತುಬಿಡುತ್ತವೆ. ಅವನ್ನು ಟರ್ಕಿಗೆ ಒಯ್ಯಬೇಡಿ, ಜೇಬಿನಲ್ಲೂ ಇಟ್ಟುಕೊಳ್ಳಬೇಡಿ. ಪ್ಲಗ್ಗನ್ನು ನೀವೇ ಕತ್ತರಿಸುವುದಾದರೆ ಕೊಂಚ ಉದ್ದವೇ ಇಟ್ಟು, ಹಾಕಿ ನೋಡಿ, ತೆಗೆದು ಉಜ್ಜಿ ಸರಿಮಾಡಿ.

ಚರೆಗೂ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳಿಗೂ, ನಿಯಮ ಇದೆ. ಸೀಸದ್ದಾದರೆ 4ನೇ ನಂಬರಿಗಿಂತ ದಪ್ಪ ಇರಬಾರದು. ಉಕ್ಕಿನದ್ದಾದರೆ 2ಕ್ಕಿಂತ. ನಂಬರ್ ಜಾಸ್ತಿ ಆದಷ್ಟೂ ಚರೆ ಸಣ್ಣದು, ಊರಲ್ಲಿ ಚರೆಯ ನಂಬರ್ ಗೊತ್ತಿದ್ದವರಿಗೆ ಇದು ಹೊಸದಲ್ಲ. ನಾನು ಸೀಸದ 5 ತಗೊಂಡೆ. ಟಂಗ್‌ಸ್ಟನ್ನಿನ ಟಿಎಸ್‌ಎಸ್ ಅಂತ ಒಂದಿದೆ, ಎಲ್ಲರೂ ಹೊಗಳುತ್ತಾರೆ. ಐದರ ಪೆಟ್ಟಿಗೆಯ ಬೆಲೆ ನೋಡಿ ಕೈ ಹಿಂದಕ್ಕೆ ಬಂತು. ಒಂದೊಂದು ತೋಟಾಕ್ಕೆ ಹತ್ತು ಡಾಲರಿನ ಮೇಲೆ! ಮೊದಲ ವರ್ಷಕ್ಕೆ ಸೀಸ ಧಾರಾಳ ಸಾಕು. ಅಂದಹಾಗೆ ಈ ಕೋವಿ, ತೋಟಾಗಳ ಬೆಲೆಯಲ್ಲಿ ಶೇಕಡಾ 11ರಷ್ಟು ತಯಾರಕರ ಮೇಲಿನ ಕೇಂದ್ರ ತೆರಿಗೆ ಸೇರಿರುತ್ತದೆ. 1937ರ ಕಾಯ್ದೆಯಿಂದ ಆ ದುಡ್ಡು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಅಳಿದೇ ಹೋಗುವ ಹಾಗಿದ್ದ ಟರ್ಕಿಗಳನ್ನು ಬಲೆ ಹಾಕಿ ಹಿಡಿದು ಬೇರೆ ಕಾಡುಗಳಿಗೆ ಬಿಟ್ಟು ಬೆಳೆಸಿದ್ದರಲ್ಲಿ ಇದರ ಪಾಲೂ ಇದೆ. ತೆರಿಗೆ ಕಟ್ಟಿ ಬೇಜಾರಾಗದ ಜಾಗ ನನಗೆ ಇದೊಂದೇ.

ಸಹೋದ್ಯೋಗಿಯ ಮಾವನ ಜಮೀನಿನಲ್ಲಿ ಕಾಗದದ ಮೇಲೆ ಟರ್ಕಿ ತಲೆಯ ಚಿತ್ರ ಅಂಟಿಸಿ ಹಾರಿಸಿ ನೋಡಿದೆವು. ಇದನ್ನು ಬಿಡಬೇಡಿ. ಟರ್ಕಿಯನ್ನು ಹೊಡೆಯುವುದು ತಲೆ, ಕುತ್ತಿಗೆಗೆ. ರೆಕ್ಕೆಗೆ ಹೊಡೆದರೆ ಗಾಯ ಮಾಡಿಕೊಂಡು ಪೊದೆಯಲ್ಲಿ ಸಾಯುತ್ತದೆ. ನನ್ನ ಕೋವಿಯ ಚರೆ ಮೂವತ್ತು ಗಜದಲ್ಲಿ ಚೆನ್ನಾಗಿ ಗುಂಪಾಗಿ ಬಿತ್ತು, ನಲವತ್ತಕ್ಕೆ ಚೆಲ್ಲಾಡಿತು. ಚರೆ ಚೆದುರದ ಹಾಗೆ ನಳಿಗೆಯ ತುದಿಗೆ ಬಿಗಿಯಾದ ಒಂದು ಟರ್ಕಿ ಚೋಕ್ ಹಾಕಿದ ಮೇಲೆ ಸುಧಾರಿಸಿತು. ಆದರೂ ಮೂವತ್ತೈದು ಗಜದ ಆಚೆಗೆ ಕೋವಿಯ ಕುದುರೆ (ಟ್ರಿಗರ್) ಎಳೆಯುವುದಿಲ್ಲ ಅಂತ ಅಲ್ಲೇ ಗಟ್ಟಿ ಮಾಡಿಕೊಂಡೆ.

ಸೀಸನ್ ಶುರುವಾಗುವುದು ಮೇ ಮೊದಲ ವಾರದ ಆಸುಪಾಸಿನ ಶನಿವಾರ. ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚಿನಿಂದ ಮಧ್ಯಾಹ್ನ 12ರವರೆಗೆ ಮಾತ್ರ. ತಿಂಗಳ ಎರಡನೇ ಅರ್ಧದಲ್ಲಿ ಇಡೀ ದಿನಕ್ಕೆ ಬಿಡುತ್ತಾರೆ, ಯಾವ ತಾರೀಖಿನಿಂದ ಅನ್ನುವುದು ಆ ವರ್ಷದ ಡೈಜೆಸ್ಟಿನಲ್ಲಿರುತ್ತದೆ. ಗಡ್ಡ ಇರುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಎದೆಯಿಂದ ಕುದುರೆ ಕೂದಲಿನ ಹಾಗೆ ಜೋತುಬಿದ್ದಿರುತ್ತದೆ, ಅದೇ ಗಡ್ಡ. ಸ್ಪ್ರಿಂಗಿನಲ್ಲಿ ಹಕ್ಕಿಯ ದನಿ ಹಿಡಿದು ಹಿಂಬಾಲಿಸಿ ಹೋಗುವ ಹಾಗಿಲ್ಲ. ಒಂದು ಕಡೆ ಕೂತು ಹೇಂಟೆಯ ದನಿಯಲ್ಲಿ ಕರೆಯಬೇಕು, ಹುಂಜ ಬರಬೇಕು. ಇದು ಸುಮ್ನೆ ಮಾಡಿದ ನಿಯಮ ಅಲ್ಲ. ನೀವು ಹಿಂಬಾಲಿಸುತ್ತಿರುವ ದನಿ ಇನ್ನೊಬ್ಬ ಬೇಟೆಗಾರನದ್ದೇ ಆಗಿರಬಹುದು. ಮೈಮೇಲೆ ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ. ಹುಂಜದ ತಲೆಯ ಬಣ್ಣಗಳು ಅವೇ. ಭುಜಕ್ಕಿಂತ ಅಗಲ ಇರುವ ಮರಕ್ಕೆ ಬೆನ್ನು ಕೊಟ್ಟು ಕೂರಿ. ಜನ ಇರುವ ಮನೆಯಿಂದ 150 ಗಜ ದೂರ ಇರಬೇಕು, ಇಲ್ಲದಿದ್ದರೆ ಆ ಮನೆಯವರ ಒಪ್ಪಿಗೆ ಬೇಕು. ಕಾರಿನಲ್ಲಿ ಕೋವಿ ಪೂರ್ತಿ ಖಾಲಿ, ಕೊಳವೆಯಲ್ಲೂ ತೋಟಾ ಇರಬಾರದು.

ಮೊದಲ ವಾರವೇ ಗೇಮ್ ಕಮಿಷನ್ನಿನ ವಾರ್ಡನ್ ಸಿಕ್ಕರು. ಬೇಟೆಗೆ ಬಿಟ್ಟಿರುವ ಸರ್ಕಾರಿ ಕಾಡು, ಸ್ಟೇಟ್ ಗೇಮ್ ಲ್ಯಾಂಡಿನ ಕಾರು ನಿಲ್ಲಿಸುವ ಜಾಗದಲ್ಲಿ, ಬರಿಗೈಯಲ್ಲಿ ವಾಪಸ್ ಬಂದು ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಳ್ಳುತ್ತಿದ್ದೆ. ಹಸಿರು ಟ್ರಕ್ ಬಂದು ನಿಂತಿತು. ನಗುತ್ತಲೇ ಮಾತಾಡಿಸಿದರು. ಲೈಸೆನ್ಸ್ ನೋಡಿದರು. ಆಮೇಲೆ, "ಕೋವಿ ನೋಡಬಹುದಾ?" ನಾನು ಪಂಪ್ ಹಿಂದಕ್ಕೆ ಎಳೆದು, ತೆರೆದು, ನಳಿಗೆ ನೆಲದ ಕಡೆ ಮಾಡಿ ಕೊಟ್ಟೆ. ಅವರು ತಮ್ಮ ಜೇಬಿನಿಂದ ನಕಲಿ ತೋಟಾ ತೆಗೆದು ಕೊಳವೆಗೆ ಒಂದೊಂದಾಗಿ ತುಂಬಿದರು. ಒಂದು. ಎರಡು. ಮೂರನೆಯದನ್ನು ಹೆಬ್ಬೆರಳಲ್ಲಿ ಒತ್ತಿದರು. ನಿಂತಿತು. ಇನ್ನೊಮ್ಮೆ ಒತ್ತಿದರು. ನಿಂತಿತು. ತಲೆಯಾಡಿಸಿ ವಾಪಸ್ ಕೊಟ್ಟರು. ನನ್ನ ವೀಸಾ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಆದರೂ ನಾನು ಐ-94 ಪ್ರತಿ, ಬೇಟೆ ಲೈಸೆನ್ಸ್ ಎರಡನ್ನೂ ಜಿಪ್ ಚೀಲದಲ್ಲಿ ಇಟ್ಟುಕೊಂಡೇ ಓಡಾಡುತ್ತೇನೆ. ಯಾರೂ ಕೇಳದಿದ್ದರೂ ನನ್ನ ಸಮಾಧಾನಕ್ಕೆ.

ಹಕ್ಕಿ ಸಿಕ್ಕಿದ್ದು ಸೀಸನ್ನಿನ ಕೊನೆಕೊನೆಗೆ, ಗ್ರೀನ್ ಕೌಂಟಿಯ ಒಂದು ಜೋಳದ ಹೊಲದ ಅಂಚಿನಲ್ಲಿ. ಸಹೋದ್ಯೋಗಿ ಹೇಂಟೆಯ ದನಿ ಹೊರಡಿಸುವ ಮರದ ಬಾಕ್ಸ್ ಕಾಲ್ ಉಜ್ಜುತ್ತಿದ್ದರು. ದೂರದಲ್ಲಿ ಹುಂಜ ಗಡಗಡ ಅಂತ ಕೂಗಿತು. ಆಮೇಲೆ ಎಷ್ಟೋ ಹೊತ್ತು ಸದ್ದೇ ಇಲ್ಲ. ಕಾಲು ಜೋಮು ಹಿಡಿದಿತ್ತು, ಸೊಳ್ಳೆ ಕಿವಿಯಲ್ಲಿ. ಹೋಯ್ತು ಇದು ಅಂದುಕೊಳ್ಳುವಾಗ ಬೇಲಿಯ ಸಂದಿಯಲ್ಲಿ ನೀಲಿ-ಕೆಂಪು ತಲೆ ಎದ್ದಿತು. ಬಾಲ ಬಿಚ್ಚಿತು, ಮುಚ್ಚಿತು. ಒಂದೊಂದೇ ಹೆಜ್ಜೆ. ಗಡ್ಡ ಕಂಡಿತು. ದೂರ ಕಂಡಿತು. ಒಂದು ಈಡು, ಅಷ್ಟೇ.

ಬಿದ್ದ ಜಾಗದಲ್ಲೇ ಟ್ಯಾಗ್ ತುಂಬಿ ಕಾಲಿಗೆ ಕಟ್ಟಬೇಕು, ಅಲ್ಲಿಂದ ಎತ್ತಿ ಹೊರಡುವ ಮುಂಚೆ. ಪೆನ್ನು ಮರೆಯಬೇಡಿ. ಹತ್ತು ದಿನದ ಒಳಗೆ ಗೇಮ್ ಕಮಿಷನ್ನಿಗೆ ವರದಿ ಮಾಡಬೇಕು, ಆನ್‌ಲೈನಿನಲ್ಲೋ ಫೋನಿನಲ್ಲೋ. ನಾನು ಅವತ್ತೇ ಸಂಜೆ ಮಾಡಿದೆ.

ಮಾಂಸದ ವಿಷಯ ಕೇಳುವವರಿಗೆ: ಎದೆ ಮೆತ್ತಗೆ, ಸುಕ್ಕಕ್ಕೆ ಚೆನ್ನ. ಕಾಲು ನಾಟಿ ಕೋಳಿಗಿಂತ ಗಟ್ಟಿ. ಕುಕ್ಕರಿನಲ್ಲಿ ಚೆನ್ನಾಗಿ ಕೂಗಿಸಿ ಸಾರು ಮಾಡಿದರೆ ಕಡುಬಿನ ಜೊತೆ ಹೊಂದುತ್ತದೆ. ಚರೆ ಉಳಿದಿರಬಹುದು, ಕಡಿಯುವ ಮುಂಚೆ ಬೆರಳಾಡಿಸಿ ನೋಡಿ. ಹೆಂಡತಿ ಮೊದಲು ಮೂಗು ಮುರಿದಳು. ಆಮೇಲೆ ಬಡಿಸಿಕೊಂಡಳು.

ಖರ್ಚು ಒಟ್ಟು ಕೇಳಿದರೆ ಕೋವಿ, ಕಪಾಟು ಎರಡೇ ದೊಡ್ಡವು. ಪಾಠ, ಲೈಸೆನ್ಸ್, ಪ್ಲಗ್, ಚೋಕ್, ತೋಟಾ, ಒಂದು ಹಸಿರು ಅಂಗಿ, ಎಲ್ಲ ಕೂಡಿದರೂ ಕೋವಿಯ ಬೆಲೆಯ ಮೇಲೆ ಹೋಗಲಿಲ್ಲ.

ಎಚ್-1ಬಿಯವರಿಗೆ ಇನ್ನೊಂದು ಮಾತು. ಪೆನ್ಸಿಲ್ವೇನಿಯಾದ ಬೇಟೆ ಲೈಸೆನ್ಸ್ ಜೂನ್ 30ಕ್ಕೆ ಮುಗಿಯುತ್ತದೆ. ಕೋವಿ ಇಟ್ಟುಕೊಳ್ಳುವ ಹಕ್ಕು ನಿಂತಿರುವುದೇ ಅವಧಿ ಮುಗಿಯದ ಆ ಲೈಸೆನ್ಸಿನ ಮೇಲೆ. ಸೀಸನ್ ಮುಗೀತಲ್ಲ, ಇನ್ನು ನವೆಂಬರಿಗೆ ನೋಡೋಣ ಅಂತ ಬಿಟ್ಟರೆ, ಜುಲೈ 1ರಿಂದ ಕಪಾಟಿನೊಳಗೆ ಸುಮ್ಮನೆ ಬಿದ್ದಿರುವ ಕೋವಿಯೇ ನಿಮ್ಮ ಮೇಲೆ ಕೇಸಾಗಬಹುದು. ಹೊಸ ವರ್ಷದ ಲೈಸೆನ್ಸ್ ಜೂನ್ ಕೊನೆಯಲ್ಲೇ ಮಾರಾಟಕ್ಕೆ ಬರುತ್ತದೆ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಆ ಸಮಯಕ್ಕೆ ಊರಿಗೆ ಹೋಗುವವರಿದ್ದರೆ ವಿಮಾನ ಹತ್ತುವ ಮುಂಚೆ ಇದೊಂದನ್ನು ಮುಗಿಸಿ. ನನ್ನದು ಕಳೆದ ವಾರ ಅಂಚೆಯಲ್ಲಿ ಬಂತು.